ಮರದ ದೋಣಿ, ಖಾನಾಪುರದ ನೀರು: ಪರೀಕ್ಷೆಗೆ ಮುಖ್ಯಾಂಶಗಳು

ಬೆಳಗಾವಿ ನಗರ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಇದು ಕಡಲ ದೋಣಿ ಕಟ್ಟುವ ಊರಲ್ಲ. ಹಾಗೆಂದು ದೋಣಿಯ ಪಾಠವನ್ನು ಕಾರವಾರ, ಮಲ್ಪೆ, ಮಂಗಳೂರುಗಳಿಂದಲೇ ಶುರು ಮಾಡಿದರೆ ಅರ್ಧ ಪಾಠ ಕೈಬಿಟ್ಟು ಹೋಗುತ್ತದೆ. ಹೊಳೆ ಹುಟ್ಟುವುದೂ ಮರ ಬೆಳೆಯುವುದೂ ಘಟ್ಟದ ಮೇಲೆ. ಪಶ್ಚಿಮ ಕರಾವಳಿಯ ದೋಣಿಗೆ ಬೇಕಾದ ಎರಡೂ ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿವೆ.

ನೀರು

• ಮಲಪ್ರಭಾ: ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಸುಮಾರು 792 ಮೀಟರ್ ಎತ್ತರದಲ್ಲಿ ಹುಟ್ಟುತ್ತದೆ. ಪೂರ್ವಕ್ಕೆ ಹರಿದು, ಸವದತ್ತಿ ಬಳಿಯ ನವಿಲುತೀರ್ಥ ಅಣೆಕಟ್ಟು ದಾಟಿ, ಬಾಗಲಕೋಟೆ ಜಿಲ್ಲೆಯ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ.

• ಮಹದಾಯಿ: ಇದೂ ಖಾನಾಪುರ ತಾಲ್ಲೂಕಿನದೇ, ಹುಟ್ಟು ಭೀಮಗಡದ ಕಾಡಿನಲ್ಲಿ. ಕರ್ನಾಟಕದಲ್ಲಿ ಸುಮಾರು 35 ಕಿ.ಮೀ. ಹರಿದು ಗೋವಾಕ್ಕೆ ಇಳಿಯುತ್ತದೆ. ಅಲ್ಲಿ ಮಾಂಡೋವಿ ಎನಿಸಿಕೊಂಡು ಪಣಜಿ ಬಳಿ ಅರಬ್ಬಿ ಸಮುದ್ರ ಸೇರುತ್ತದೆ.

• ಒಂದೇ ತಾಲ್ಲೂಕಿನ ಎರಡು ಹೊಳೆಗಳಲ್ಲಿ ಒಂದರ ನೀರು ಕೃಷ್ಣೆಯ ಮೂಲಕ ಬಂಗಾಳ ಕೊಲ್ಲಿಗೆ, ಇನ್ನೊಂದರದು ಅರಬ್ಬಿ ಸಮುದ್ರಕ್ಕೆ. ಪ್ರಶ್ನೆಪತ್ರಿಕೆಯಲ್ಲಿ ತಿರುವುಮುರುವಾಗುವುದು ಇಲ್ಲೇ.

• ರಾಷ್ಟ್ರೀಯ ಜಲಮಾರ್ಗ ಕಾಯ್ದೆ, 2016: ದೇಶದಲ್ಲಿ 111 ಜಲಮಾರ್ಗಗಳು. ಘಟಪ್ರಭಾ 41, ಮಲಪ್ರಭಾ 67, ಮಾಂಡೋವಿ 68.

• ಭೀಮಗಡ ವನ್ಯಜೀವಿಧಾಮ: 2011ರ ಡಿಸೆಂಬರ್‌ನಲ್ಲಿ ಘೋಷಣೆ.

ಕದಂಬರು

ಖಾನಾಪುರ ತಾಲ್ಲೂಕಿನ ಹಲಸಿಯೇ ಶಾಸನಗಳ ಪಲಾಶಿಕಾ. ಬನವಾಸಿ ಕದಂಬರಿಗೆ ಇದು ಎರಡನೆಯ ರಾಜಧಾನಿ. ಮುಂದೆ ಗೋವಾ ಕದಂಬರು ಕೊಂಕಣ-900ರ ಜೊತೆಗೆ ಪಲಸಿಗೆ-12000 ನಾಡನ್ನೂ ಆಳಿದರು. ಅವರ ಬಂದರು ಮಾಂಡೋವಿಯ ದಕ್ಷಿಣಕ್ಕಿರುವ ಜುವಾರಿ ನದಿಯ ದಡದ ಗೋಪಕಪಟ್ಟಣ. ಹಡಗುಕಾಳಗವನ್ನು ಕೆತ್ತಿದ ಅವರ ಕಾಲದ ವೀರಗಲ್ಲುಗಳು ಗೋವಾ ರಾಜ್ಯ ವಸ್ತುಸಂಗ್ರಹಾಲಯದಲ್ಲಿವೆ. ಘಟ್ಟದ ಮೇಲಿನ ಹಲಸಿ ಮತ್ತು ಘಟ್ಟದ ಕೆಳಗಿನ ಬಂದರು ಒಂದೇ ಅರಸುಮನೆತನದ ಕೈಯಲ್ಲಿದ್ದವು ಎಂಬುದನ್ನು ನಮ್ಮ ಪಠ್ಯಗಳು ಇನ್ನಷ್ಟು ಒತ್ತಿ ಹೇಳಬೇಕು. ಬನವಾಸಿಯ ಹೆಸರಿನ ಮುಂದೆ ಈ ಕಡಲ ಅಧ್ಯಾಯ ಮಸುಕಾಗಿಬಿಟ್ಟಿದೆ.

ಕಾರವಾರದ ನೌಕಾನೆಲೆಗೆ ಈ ವಂಶದ ಹೆಸರೇ ಇದೆ: ಐಎನ್ಎಸ್ ಕದಂಬ, ಕಾರ್ಯಾರಂಭ 2005ರ ಮೇ 31, ಸೀಬರ್ಡ್ ಯೋಜನೆಯ ಭಾಗ.

ಮರ

ಖಾನಾಪುರದ ಪಶ್ಚಿಮ ಅಂಚು, ಅಂದರೆ ಕಣಕುಂಬಿ, ಭೀಮಗಡದ ಕಡೆ, ಭಾರೀ ಮಳೆ ಬೀಳುವ ನಿತ್ಯಹರಿದ್ವರ್ಣ ಕಾಡು. ಪೂರ್ವಕ್ಕೆ ಬಂದಂತೆ ಮಳೆ ಇಳಿಯುತ್ತದೆ, ಎಲೆ ಉದುರಿಸುವ ಮರಗಳು ಹೆಚ್ಚುತ್ತವೆ. ತೇಗ, ಮತ್ತಿ, ಹೊನ್ನೆ, ನಂದಿ, ಬೀಟೆ ಸಿಗುವುದು ಈ ಪಟ್ಟಿಯಲ್ಲಿ.

ದೋಣಿಗೆ ತೇಗವೇ ಏಕೆ ಎಂಬ ಪ್ರಶ್ನೆಗೆ ಒಂದು ಸಾಲಿನ ಉತ್ತರ ಸಾಲದು. ತೇಗದ ಒಳಗೇ ಎಣ್ಣೆಯ ಅಂಶವಿದೆ. ಹೀಗಾಗಿ ನೆನೆದು ಒಣಗಿದರೂ ಹಲಗೆ ಹೆಚ್ಚು ಸೊಟ್ಟಗಾಗುವುದಿಲ್ಲ, ಗೆದ್ದಲು ಮತ್ತು ಕೊಳೆಯನ್ನು ಬಹುಕಾಲ ತಡೆಯುತ್ತದೆ. ಯುರೋಪಿನ ಓಕ್ ಮರದ ಆಮ್ಲ ಕಬ್ಬಿಣದ ಮೊಳೆಯನ್ನು ತಿನ್ನುತ್ತದೆ, ತೇಗದಲ್ಲಿ ಆ ತೊಂದರೆ ಕಡಿಮೆ. ಬ್ರಿಟಿಷ್ ನೌಕಾಪಡೆ ಮುಂಬಯಿಯ ವಾಡಿಯಾ ಮನೆತನದಿಂದ ತೇಗದ ಹಡಗು ಕಟ್ಟಿಸಿದ್ದಕ್ಕೆ ಇದೂ ಕಾರಣ. 1817ರಲ್ಲಿ ಮುಂಬಯಿಯಲ್ಲಿ ನೀರಿಗಿಳಿದ ಎಚ್ಎಂಎಸ್ ಟ್ರಿಂಕೋಮಲಿ ಇಂದಿಗೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ತೇಲುತ್ತಿದೆ. ಹಡಗಿಗಾಗಿ ಮಲಬಾರಿನ ತೇಗ ಬೇಗ ಬೇಗ ಬರಿದಾಯಿತು. ಅದನ್ನು ಕಾಯಲೆಂದೇ 1806ರಲ್ಲಿ ಕ್ಯಾಪ್ಟನ್ ವಾಟ್ಸನ್ ಅವರನ್ನು ಅರಣ್ಯ ಸಂರಕ್ಷಕರಾಗಿ ನೇಮಿಸಿದರು. ಭಾರತದಲ್ಲಿ ಈ ಹುದ್ದೆಗೆ ಅವರೇ ಮೊದಲಿಗರು. ಮರ ಕಾಯುವ ಸರ್ಕಾರಿ ಹುದ್ದೆ ಹಡಗು ಕಟ್ಟುವ ಆಸೆಯಿಂದ ಹುಟ್ಟಿತು. ಇದನ್ನು ಕಾರಣಸಹಿತ ಬರೆದರೆ ಪ್ರಬಂಧ ಪತ್ರಿಕೆಯಲ್ಲಿ ಅಂಕ ಸಿಗುತ್ತದೆ.

• ಯುಕ್ತಿಕಲ್ಪತರು: ಪರಮಾರ ದೊರೆ ಭೋಜನ ಹೆಸರಿನಲ್ಲಿರುವ 11ನೇ ಶತಮಾನದ ಸಂಸ್ಕೃತ ಗ್ರಂಥ. ಹಗುರ, ಭಾರ, ಮೃದು, ಗಟ್ಟಿ ಎಂಬ ಗುಣಗಳ ಮೇಲೆ ಮರವನ್ನು ನಾಲ್ಕು ಬಗೆ ಮಾಡುತ್ತದೆ. ಹಗುರವೂ ಗಟ್ಟಿಯೂ ಆದದ್ದು ನಾವೆಗೆ ಉತ್ತಮ ಎನ್ನುತ್ತದೆ.

• ಟಿಪ್ಪು ಸುಲ್ತಾನ್: 1796ರಲ್ಲಿ ನೌಕಾಪಡೆಯ ಯೋಜನೆ, ಕರಾವಳಿಯಲ್ಲಿ ಹಡಗುಕಟ್ಟೆಗಳು.

• ಕರ್ನಾಟಕ ಅರಣ್ಯ ಕಾಯ್ದೆ: 1963. ತೇಗ ಕಡಿಯಲು, ಸಾಗಿಸಲು ಅರಣ್ಯ ಇಲಾಖೆಯ ಪರವಾನಗಿ ಬೇಕು.

ಕಟ್ಟುವ ಕೆಲಸ

ಬೆಳಗಾವಿಯ ಕಡೆ ಬಡಿಗೇರರು, ಕರಾವಳಿಯಲ್ಲಿ ಆಚಾರಿಗಳು. ಬಾಚಿ, ಉಳಿ, ಗರಗಸ, ಬೈರಿಗೆ ಇಬ್ಬರಿಗೂ ಸಮಾನ. ಬಾಗಿಲು ಮಾಡುವವನಿಗೆ ನೇರ ಗೆರೆ ಬೇಕು, ದೋಣಿ ಕಟ್ಟುವವನಿಗೆ ಬಾಗಿದ ಗೆರೆ. ಹೀಗಾಗಿ ಸಹಜವಾಗಿ ಬಾಗಿದ ಕೊಂಬೆಯನ್ನು ಹುಡುಕಿ ತಂದು ಪಕ್ಕೆಗೆ ಬಳಸುತ್ತಿದ್ದರು. ಎಳೆಯ ಗತಿ ಬಾಗಿನ ಜೊತೆಗೇ ಇದ್ದರೆ ಮರ ಸೀಳುವುದಿಲ್ಲ.

ಸಣ್ಣ ದೋಣಿಯಲ್ಲಿ ಮೂರು ದಾರಿ.

ಒಂದು, ಇಡೀ ದಿಮ್ಮಿಯನ್ನು ತೋಡಿ ಮಾಡಿದ ದೋಣಿ. ಮಾವು ಅಗ್ಗದ್ದು, ಬೇಗ ಕೊಳೆಯುತ್ತದೆ. ಹೆಬ್ಬಲಸು ಬಾಳಿಕೆಯದು.

ಎರಡು, ಹಲಗೆಗೆ ಹಲಗೆ ಜೋಡಿಸಿ ಹುರಿಯಿಂದ ಹೊಲಿದದ್ದು. ಹಲಗೆಯ ಅಂಚಿನುದ್ದಕ್ಕೂ ತೂತು ಕೊರೆದು, ಸಂದಿಗೆ ತೆಂಗಿನ ನಾರು ತುಂಬಿ, ನಾರಿನ ಹುರಿಯಿಂದ ಬಿಗಿದು, ತೂತಿಗೆ ರಾಳ ಮೆತ್ತುತ್ತಾರೆ. ಇಲ್ಲಿ ಹೊರಮೈ ಮೊದಲು, ಒಳಗಿನ ಪಕ್ಕೆಗಳು ಆಮೇಲೆ. ಯುರೋಪಿನ ಮರದ ಹಡಗುಗಳಲ್ಲಿ ನಂತರ ರೂಢಿಯಾದ ಕ್ರಮ ಇದರ ತದ್ವಿರುದ್ಧ. ಹೊಲಿದ ದೋಣಿ ಅಲೆಯ ಹೊಡೆತಕ್ಕೆ ಬಿರುಕು ಬಿಡದೆ ಬಳುಕುತ್ತದೆ, ಮರಳಿನ ಮೇಲೆ ಎಳೆದು ತರಲು ಆಗುತ್ತದೆ, ಹಾಳಾದ ಒಂದೇ ಹಲಗೆಯನ್ನು ಬಿಚ್ಚಿ ಬದಲಿಸಬಹುದು.

ಮೂರು, ಮೊಳೆ ಹೊಡೆದು ಕಟ್ಟಿದ್ದು. ಬೇಗ ಮುಗಿಯುತ್ತದೆ, ಆದರೆ ಉಪ್ಪುನೀರಿಗೆ ಕಬ್ಬಿಣ ತುಕ್ಕು ಹಿಡಿಯುತ್ತದೆ.

ಹೊರಮೈಗೆ ಮೀನೆಣ್ಣೆ, ಗೇರು ಎಣ್ಣೆ ಬಳಿಯುವುದು ಹಳೆಯ ರೂಢಿ. ಸಂದಿ ಮುಚ್ಚುವ ರಾಳಗಳಲ್ಲಿ ಪಶ್ಚಿಮ ಘಟ್ಟದ ಸಾಲುಧೂಪದ ಮರದ್ದು ಹೆಸರುವಾಸಿ. ಉಪ್ಪುನೀರಿನಲ್ಲಿ ಮರ ಕೊರೆಯುವ ಹುಳು ದೊಡ್ಡ ಶತ್ರು. ಹೆಸರು ಹುಳುವಾದರೂ ಅದು ಚಿಪ್ಪುಮೀನಿನ ಬಳಗದ ಮೃದ್ವಂಗಿ. ಹೊಳೆಯ ದೋಣಿಗೆ ಅದರ ಕಾಟವಿಲ್ಲ, ಅಲ್ಲಿ ಕೊಳೆಯದ್ದೇ ಚಿಂತೆ.

ಹರಿಗೋಲು

ಬಿದಿರಿನ ದಬ್ಬೆ ಹೆಣೆದ ದುಂಡನೆಯ ದೋಣಿ. ಮೊದಲು ಹೊರಹೊದಿಕೆಗೆ ತೊಗಲು, ಈಗ ಪ್ಲಾಸ್ಟಿಕ್ ಹಾಳೆ, ಡಾಂಬರು. ಬಂಡೆಗೆ ತಾಗಿದರೂ ಮುರಿಯದ ಕಾರಣ ಕಲ್ಲು ತುಂಬಿದ ಹೊಳೆಗೆ ಇದೇ ಸರಿ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಇದನ್ನು ವರ್ಣಿಸಿದ್ದಾನೆ. ಬೆಳಗಾವಿಯ ಹಳೆಯ ಹೆಸರು ವೇಣುಗ್ರಾಮ, ಅಂದರೆ ಬಿದಿರಿನ ಊರು, ಎಂಬುದೂ ಆಗಾಗ ಬರುವ ಪ್ರಶ್ನೆ. ದೋಣಿ ನಡೆಸುವ ಕಾಯಕದ ವಚನಕಾರ ಅಂಬಿಗರ ಚೌಡಯ್ಯ, 12ನೇ ಶತಮಾನ, ಸ್ಥಳ ತುಂಗಭದ್ರೆಯ ದಡದ ಚೌಡದಾನಪುರ (ಹಾವೇರಿ ಜಿಲ್ಲೆ). ಜಯಂತಿ ಜನವರಿ 21.

ಮಹದಾಯಿ ಇಳಿದಲ್ಲಿ: ಕೌಂಡಿನ್ಯ

ಮಾಂಡೋವಿಯ ನಡುವೆ ದಿವಾರ್ ದ್ವೀಪವಿದೆ. ಖಾನಾಪುರದಲ್ಲಿ ಹುಟ್ಟಿದ ನೀರು ಹರಿದು ಬರುವ ಈ ಜಾಗದಲ್ಲಿ, ಹೋಡಿ ಇನ್ನೊವೇಶನ್ಸ್ ಎಂಬ ಸಣ್ಣ ದೋಣಿಕಟ್ಟೆಯಲ್ಲಿ, ಹೊಲಿದ ಹಡಗಿನ ಕಲೆ ಕೌಂಡಿನ್ಯ ಎಂಬ ಹಡಗಿನ ರೂಪದಲ್ಲಿ ಮತ್ತೆ ಕಣ್ಣಿಗೆ ಬಿತ್ತು. ಕೆಳಗಿನ ದಿನಾಂಕಗಳನ್ನು ಬಾಯಿಪಾಠ ಮಾಡಿ.

• 2023ರ ಜುಲೈ: ಸಂಸ್ಕೃತಿ ಸಚಿವಾಲಯ, ಭಾರತೀಯ ನೌಕಾಪಡೆ, ಹೋಡಿ ಇನ್ನೊವೇಶನ್ಸ್ ನಡುವೆ ಒಪ್ಪಂದ.
• 2023ರ ಸೆಪ್ಟೆಂಬರ್ 12: ಕೆಲಸಕ್ಕೆ ಚಾಲನೆ.
• 2025ರ ಫೆಬ್ರುವರಿ: ನೀರಿಗೆ.
• 2025ರ ಮೇ 21: ಕಾರವಾರದಲ್ಲಿ ನೌಕಾಪಡೆಗೆ ಸೇರ್ಪಡೆ, ಐಎನ್ಎಸ್‌ವಿ ಕೌಂಡಿನ್ಯ.
• 2025ರ ಡಿಸೆಂಬರ್ 29: ಪೋರಬಂದರಿನಿಂದ ಮಸ್ಕತ್‌ನತ್ತ ಮೊದಲ ಸಾಗರಯಾನ.

ಮಾದರಿ 5ನೇ ಶತಮಾನದ ಅಜಂತಾ ಚಿತ್ರ. ನಕ್ಷೆ ಉಳಿದಿರಲಿಲ್ಲ, ಒಂದು ಚಿತ್ರದಿಂದ ಇಡೀ ಹಡಗನ್ನು ಊಹಿಸಬೇಕಾಯಿತು. ನೀರಿನಲ್ಲಿ ಅದರ ವರ್ತನೆಯನ್ನು ಮದ್ರಾಸ್ ಐಐಟಿ ಪರೀಕ್ಷಿಸಿತು. ಹೊಲಿಗೆಯ ಮುಖ್ಯ ಕುಶಲಕರ್ಮಿ ಕೇರಳದ ಬಾಬು ಶಂಕರನ್. ಹಾಯಿಯ ಮೇಲೆ ಗಂಡಭೇರುಂಡ ಮತ್ತು ಸೂರ್ಯ, ಮುಂಭಾಗದಲ್ಲಿ ಸಿಂಹಯಾಳಿ. ಬಾಬು ಶಂಕರನ್ ಅವರ ಹೆಸರನ್ನು ದಿನಾಂಕಗಳಷ್ಟೇ ಗೌರವದಿಂದ ನೆನಪಿಡಿ. ಸಚಿವಾಲಯ ಹಣ ಕೊಡಬಲ್ಲದು, ಹುರಿ ಎಷ್ಟು ಬಿಗಿಯಬೇಕೆಂದು ಗೊತ್ತಿರುವುದು ಆ ಕೈಗೆ.

ಮಹದಾಯಿ ನದಿಯ ಹೆಸರನ್ನೇ ಹೊತ್ತ ನೌಕೆಯೂ ಇದೆ. ಗೋವಾದಲ್ಲಿ ಕಟ್ಟಿ 2009ರಲ್ಲಿ ನೌಕಾಪಡೆ ಸೇರಿದ ಐಎನ್ಎಸ್‌ವಿ ಮ್ಹಾದೇಯಿ. ಒಳಗೆ ಮರದ ಪಟ್ಟಿ, ಮೇಲೆ ಫೈಬರ್‌ಗ್ಲಾಸ್. ಇದರಲ್ಲಿ ದಿಲೀಪ್ ದೊಂದೆ (2009–10) ಒಬ್ಬರೇ ಜಗತ್ತು ಸುತ್ತಿದ ಮೊದಲ ಭಾರತೀಯರಾದರು. ಅಭಿಲಾಷ್ ಟೋಮಿ (2012–13) ಎಲ್ಲಿಯೂ ನಿಲ್ಲದೆ ಸುತ್ತಿದರು. ಮಹಿಳಾ ತಂಡ 254 ದಿನಗಳಲ್ಲಿ ಸುತ್ತಿದ್ದು (2017–18) ಇನ್ನೊಂದು ನೌಕೆ ತಾರಿಣಿಯಲ್ಲಿ.

ಸಂಸ್ಥೆ, ಸಂಶೋಧನೆ, ಕಾನೂನು

• ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಮಿಶ್ರಣದ ಮರ ಸಂರಕ್ಷಕ: ಡೆಹ್ರಾಡೂನ್ ಅರಣ್ಯ ಸಂಶೋಧನಾ ಸಂಸ್ಥೆಯ ಸೋಂಟಿ ಕಾಮೇಶನ್, 1933. ಜಗತ್ತಿನಾದ್ಯಂತ ಬಳಕೆಗೆ ಬಂದ ಭಾರತೀಯ ಶೋಧ. ಆರ್ಸೆನಿಕ್‌ನ ಅಪಾಯದಿಂದಾಗಿ ಈಗ ಹಲವು ದೇಶಗಳಲ್ಲಿ ನಿರ್ಬಂಧವಿದೆ.

• ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ, ಕೊಚ್ಚಿ (1957): ಸಂಸ್ಕರಿಸಿದ ರಬ್ಬರ್ ಮರದ ದೋಣಿ. ಹಾಲು ಬತ್ತಿದ ರಬ್ಬರ್ ಮರ ಅಗ್ಗವಾಗಿ ಸಿಗುತ್ತದೆ, ಕಾಡು ಕಡಿಯಬೇಕಿಲ್ಲ.

• ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ, ಬೆಂಗಳೂರು: ಈ ಹೆಸರು 1988ರಿಂದ.

• ಖಾನಾಪುರದಲ್ಲಿರುವ ರಾಷ್ಟ್ರಮಟ್ಟದ ಸಂಸ್ಥೆ ಕುಂಬಾರಿಕೆಯದು, ಬಡಗಿತನದ್ದಲ್ಲ: ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕೇಂದ್ರೀಯ ಗ್ರಾಮ ಕುಂಬಾರಿಕೆ ಸಂಸ್ಥೆ.

• ಒಳನಾಡು ಹಡಗು ಕಾಯ್ದೆ, 2021: 1917ರ ಕಾಯ್ದೆಯ ಬದಲಿಗೆ ಬಂದದ್ದು.

• ಕರ್ನಾಟಕ ಕರಾವಳಿಯಲ್ಲಿ ಮಳೆಗಾಲದ ಮೀನುಗಾರಿಕೆ ನಿಷೇಧ: ಜೂನ್ 1ರಿಂದ ಜುಲೈ 31, ಒಟ್ಟು 61 ದಿನ, ಯಾಂತ್ರಿಕ ದೋಣಿಗಳಿಗೆ. ಸಾಂಪ್ರದಾಯಿಕ ನಾಡದೋಣಿಗೆ ವಿನಾಯಿತಿ ಇದೆ.