ನಾಯಿ ಕೈಬದಲಾಗುವಾಗ

‘ಊರಲ್ಲಿ ಹೊಲ ಇದೆ, ಅಲ್ಲಿ ಬಿಟ್ಟು ಬಂದರಾಯಿತು.’ ಪುಣೆಯ ಕನ್ನಡದ ಮನೆಗಳಲ್ಲಿ ನಾಯಿಯ ವಿಚಾರ ಬಿಗಡಾಯಿಸಿದಾಗ ಮೊದಲು ಕೇಳಿಬರುವ ಪರಿಹಾರ ಇದು. ಲಾಕ್‌ಡೌನ್ ಕಾಲದಲ್ಲಿ ಮನೆಯಿಂದಲೇ ಕೆಲಸ ಮಾಡುತ್ತಿದ್ದಾಗ ತಂದ ಮರಿ ಈಗ ಮೂವತ್ತು ಕಿಲೋ ತೂಗುತ್ತದೆ. ಗಂಡನ ಕಚೇರಿ ಹಿಂಜವಡಿಯಲ್ಲಿ, ಹೆಂಡತಿಯದು ಖರಾಡಿಯಲ್ಲಿ. ಬೆಳಿಗ್ಗೆ ಎಂಟಕ್ಕೆ ಹಾಕಿದ ಬೀಗ ತೆಗೆಯುವುದು ರಾತ್ರಿ ಎಂಟಕ್ಕೆ. ನಾಯಿ ಬಾಲ್ಕನಿಯಲ್ಲಿ ಬೊಗಳುತ್ತದೆ, ನೆರೆಯವರು ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ. ಆಗ ವಿಜಯಪುರದ ಹೊಲ, ಬೆಳಗಾವಿಯ ತೋಟ ನೆನಪಾಗುತ್ತವೆ.

ಸಾಕಲಾಗದ ನಾಯಿಯನ್ನು ಇನ್ನೊಬ್ಬರಿಗೆ ಕೊಡುವುದನ್ನು ಯಾವ ಕಾನೂನೂ ತಪ್ಪೆನ್ನುವುದಿಲ್ಲ. ಕಾನೂನು ಕೇಳುವುದಿಷ್ಟೇ: ನೀವು ಬಿಟ್ಟ ಹಗ್ಗವನ್ನು ಹಿಡಿದವರು ಯಾರು? ಹೊಲದಲ್ಲಿ ದೊಡ್ಡಪ್ಪ ಇದ್ದಾರೆ, ‘ಇರಲಿ, ನಾನು ನೋಡಿಕೊಳ್ತೀನಿ’ ಎಂದು ಒಪ್ಪಿದ್ದಾರೆ ಎಂದರೆ ಅದು ಒಪ್ಪಿಸಿದ್ದು. ಹೊಲದ ಬದುವಿನಲ್ಲಿ ಇಳಿಸಿ ಕಾರು ತಿರುಗಿಸಿದರೆ ಅದು ತೊರೆದದ್ದು. ಎರಡನೆಯದು ಅಪರಾಧ.

1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ 3ನೇ ಕಲಂ ಪ್ರಕಾರ, ಪ್ರಾಣಿಯ ಹೊಣೆ ಹೊತ್ತವರೆಲ್ಲರೂ ಅದರ ಕ್ಷೇಮಕ್ಕೆ ಬೇಕಾದ ಕ್ರಮ ಕೈಗೊಳ್ಳಬೇಕು. 11ನೇ ಕಲಂ ಕ್ರೌರ್ಯವೆಂದರೆ ಏನೇನು ಎಂದು ಪಟ್ಟಿ ಮಾಡುತ್ತದೆ. ಸಕಾರಣವಿಲ್ಲದೆ, ಹಸಿವು ಬಾಯಾರಿಕೆಯಿಂದ ನರಳುವ ಸಂಭವವಿರುವಲ್ಲಿ ಪ್ರಾಣಿಯನ್ನು ಬಿಟ್ಟುಹೋಗುವುದು ಅದರಲ್ಲಿ ಒಂದು. ಸಾಕಷ್ಟು ಅನ್ನ, ನೀರು, ನೆರಳು ಕೊಡದಿರುವುದು ಇನ್ನೊಂದು. ಹೆಚ್ಚು ಜನ ಗಮನಿಸದ ಮತ್ತೊಂದೂ ಇದೆ: ಸದಾ ಕಟ್ಟಿಹಾಕಿದ ಅಥವಾ ಇಕ್ಕಟ್ಟಿನಲ್ಲಿ ಕೂಡಿಹಾಕಿದ ನಾಯಿಗೆ ಓಡಾಟ, ವ್ಯಾಯಾಮ ತಪ್ಪಿಸುವುದು. ಎಂದರೆ ‘ಸಮಯವಿಲ್ಲ’ ಎಂಬ ಕಾರಣಕ್ಕೆ ಬೀದಿಗೆ ಬಿಟ್ಟರೂ ತಪ್ಪು, ಸಮಯವಿಲ್ಲದಿದ್ದೂ ಬಾಲ್ಕನಿಯಲ್ಲಿ ಬಿಗಿದಿಟ್ಟರೂ ತಪ್ಪು. ಹಾಗಾಗಿ, ನಾಯಿಯನ್ನು ಬೇರೆ ಮನೆಗೆ ಕೊಡುವವರನ್ನು ಕಲ್ಲೆದೆಯವರೆಂದು ಜರೆಯುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ. ಕೆಲವು ಮನೆಗಳಲ್ಲಿ ಕಾನೂನಿಗೆ ಒಪ್ಪುವ ದಾರಿ ಅದೊಂದೇ.

ಶಿಕ್ಷೆಯ ಮೊತ್ತ ಮಾತ್ರ ನಗೆ ತರಿಸುತ್ತದೆ. ಮೊದಲ ಸಲದ ಅಪರಾಧಕ್ಕೆ ದಂಡ ಹತ್ತು ರೂಪಾಯಿಗೆ ಕಡಿಮೆಯಿಲ್ಲದೆ ಐವತ್ತರವರೆಗೆ. ಮೂರು ವರ್ಷದೊಳಗೆ ಮತ್ತೆ ಮಾಡಿದರೆ ಇಪ್ಪತ್ತೈದರಿಂದ ನೂರು ರೂಪಾಯಿ, ಅಥವಾ ಮೂರು ತಿಂಗಳವರೆಗೆ ಸೆರೆವಾಸ, ಅಥವಾ ಎರಡೂ. ದಶಕಗಳ ಹಿಂದೆ ಬರೆದ ಮೊತ್ತ ಹಾಗೆಯೇ ನಿಂತಿದೆ. ಇಂದು ಪುಣೆಯಲ್ಲಿ ಐವತ್ತು ರೂಪಾಯಿಗೆ ಒಳ್ಳೆಯ ಮಿಸಳೂ ಸಿಗುವುದಿಲ್ಲ. 2022ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ತಿದ್ದುಪಡಿಯ ಕರಡು ಹೊರಡಿಸಿತ್ತು, ಅದು ಕಾಯ್ದೆಯಾಗಲಿಲ್ಲ. ಆದರೆ ದಂಡ ಸಣ್ಣದೆಂದು ಸುಮ್ಮನಿರುವಂತಿಲ್ಲ. ಬಿಟ್ಟುಬಂದ ನಾಯಿ ಯಾರನ್ನಾದರೂ ಕಚ್ಚಿದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಎದುರಾಗಬಹುದು. ತನ್ನ ವಶದ ಪ್ರಾಣಿಯಿಂದ ಬೇರೆಯವರಿಗೆ ಆಗಬಹುದಾದ ಅಪಾಯವನ್ನು ತಡೆಯದ ನಿರ್ಲಕ್ಷ್ಯಕ್ಕೆ ಅಲ್ಲಿ ಆರು ತಿಂಗಳವರೆಗೆ ಸೆರೆ ಅಥವಾ ಐದು ಸಾವಿರದವರೆಗೆ ದಂಡ ಇದೆ, ಎರಡನ್ನೂ ವಿಧಿಸಬಹುದು. ಆಗ ‘ನಾಯಿ ನನ್ನದಲ್ಲ, ಕೊಟ್ಟುಬಿಟ್ಟಿದ್ದೆ’ ಎನ್ನಲು ಕೈಯಲ್ಲಿ ಕಾಗದ ಬೇಕು.

ಆ ಕಾಗದ ಎಂಥದ್ದು ಎಂಬಲ್ಲಿಯೇ ಹೆಚ್ಚಿನವರು ಎಡವುತ್ತಾರೆ. ಕಾನೂನಿನ ಕಣ್ಣಿಗೆ ನಾಯಿ ಚರಸ್ವತ್ತು. ಕೇಳಲು ಹಿತವಲ್ಲ, ಆದರೆ ಒಡೆತನದ ಜಗಳವೆಲ್ಲ ಈ ನೆಲೆಯಿಂದಲೇ ತೀರುವುದು. ಹಣ ಪಡೆಯದೆ ಕಾಯಮಾಗಿ ಕೊಟ್ಟರೆ ಅದು ದಾನ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 123ನೇ ಕಲಂ ಪ್ರಕಾರ ಚರಸ್ವತ್ತಿನ ದಾನಕ್ಕೆ ನೋಂದಣಿ ಕಡ್ಡಾಯವಲ್ಲ. ಕೊಟ್ಟವರು ಕೊಟ್ಟರು, ಪಡೆದವರು ಪಡೆದರು ಎಂದಾದರೆ ಸಾಕು. ಹಗ್ಗ ಕೈಬದಲಾಯಿಸಿದ ಕ್ಷಣಕ್ಕೆ ಒಡೆತನವೂ ಬದಲಾಯಿತು. ಎರಡು ತಿಂಗಳ ಬಳಿಕ ಮನಸ್ಸು ಕರಗಿ ‘ವಾಪಸ್ ಕೊಡಿ’ ಎಂದರೆ ಕೇಳುವ ಹಕ್ಕು ಉಳಿದಿರುವುದಿಲ್ಲ. ‘ನನಗೆ ಬೇಕೆನಿಸಿದಾಗ ಹಿಂಪಡೆಯುತ್ತೇನೆ’ ಎಂದು ಬರೆಸಿಕೊಂಡರೂ ಪ್ರಯೋಜನವಿಲ್ಲ. ಕೊಟ್ಟವರ ಇಷ್ಟದಂತೆ ರದ್ದಾಗುವ ದಾನ, ರದ್ದತಿ ಎಷ್ಟರ ಮಟ್ಟಿಗೋ ಅಷ್ಟರ ಮಟ್ಟಿಗೆ ಅಸಿಂಧು ಎಂದು 126ನೇ ಕಲಂ ಹೇಳುತ್ತದೆ. ಆದರೆ ಅದೇ ಕಲಂ ಒಂದು ಕಿಂಡಿ ಬಿಟ್ಟಿದೆ: ಕೊಟ್ಟವರ ಇಚ್ಛೆಗೆ ಒಳಪಡದ ಒಂದು ನಿರ್ದಿಷ್ಟ ಘಟನೆ ನಡೆದರೆ ದಾನ ರದ್ದಾಗುತ್ತದೆ ಎಂದು ಇಬ್ಬರೂ ಒಪ್ಪಬಹುದು. ‘ಪಡೆದವರು ನಾಯಿಯನ್ನು ಮಾರಿದರೆ, ಮರಿ ಹಾಕಿಸಲು ಬಳಸಿದರೆ, ಅಥವಾ ಸಾಕಲಾಗದೆ ಬೇರೆಯವರಿಗೆ ಕೊಡಲು ಹೊರಟರೆ ನನಗೆ ಹಿಂದಿರುಗಿಸಬೇಕು’ ಎಂದು ಬರೆಸುವುದಾದರೆ ಈ ಕಿಂಡಿಯೊಳಗೇ ಬರೆಸಬೇಕು.

ತಾತ್ಕಾಲಿಕವಾಗಿ ಕೊಡುವುದು ಇನ್ನೊಂದು ಬಗೆ. ‘ಆರು ತಿಂಗಳ ಪ್ರಾಜೆಕ್ಟ್, ಮುಗಿಯುವವರೆಗೆ ನಿಮ್ಮಲ್ಲಿರಲಿ’ ಎಂದು ಧಾರವಾಡದ ಅತ್ತೆಯ ಮನೆಗೆ ಕಳಿಸಿದರೆ ಅದು ದಾನವಲ್ಲ. 1872ರ ಕರಾರು ಕಾಯ್ದೆಯ 148ನೇ ಕಲಂನ ಮಾತು, ವಕೀಲರು ಬೇಲ್‌ಮೆಂಟ್ ಎನ್ನುವುದು. ಒಡೆತನ ನಿಮ್ಮದೇ, ವಶ ಅವರದು. ತಮ್ಮದೇ ನಾಯಿಯನ್ನು ವಿವೇಕಿಯೊಬ್ಬರು ನೋಡಿಕೊಳ್ಳುವಷ್ಟು ಕಾಳಜಿಯನ್ನು ಅವರು ತೋರಿಸಬೇಕು. ಪ್ರತಿಫಲವಿಲ್ಲದೆ ಸಾಕಿದರೆ ಅದಕ್ಕೆ ತಗುಲಿದ ಅಗತ್ಯ ಖರ್ಚನ್ನು ನೀವು ತೀರಿಸಬೇಕು; ಆಹಾರದ, ಲಸಿಕೆಯ, ಔಷಧದ ಬಿಲ್ಲು ಅವರು ಮುಂದಿಟ್ಟರೆ ಮುಖ ಸಿಂಡರಿಸುವಂತಿಲ್ಲ. ಹೆಣ್ಣು ನಾಯಿಯಾಗಿದ್ದು ಅಲ್ಲಿ ಮರಿ ಹಾಕಿದರೆ? ಬೇರೆ ಒಪ್ಪಂದವಿಲ್ಲದಿದ್ದರೆ ಮರಿಗಳೂ ನಿಮ್ಮವೇ. 163ನೇ ಕಲಂನಲ್ಲಿ ಕಾಯ್ದೆಯೇ ಕೊಡುವ ಉದಾಹರಣೆ ಹಸುವಿನದು: ಒಬ್ಬ ನೋಡಿಕೊಳ್ಳಲು ಬಿಟ್ಟ ಹಸು ಕರು ಹಾಕಿದರೆ, ನೋಡಿಕೊಂಡವನು ಹಸುವಿನ ಜೊತೆ ಕರುವನ್ನೂ ಕೊಡಬೇಕು. ಒಂದೂವರೆ ಶತಮಾನದ ಹಿಂದೆ ಹಸುವಿಗೆ ಬರೆದದ್ದು ಲ್ಯಾಬ್ರಡಾರಿಗೂ ಸಲ್ಲುತ್ತದೆ.

ಈ ಎರಡರ ನಡುವೆ ‘ಸದ್ಯಕ್ಕೆ ಇಟ್ಟುಕೊಳ್ಳಿ, ಮುಂದೆ ನೋಡೋಣ’ ಎಂಬ ಮಾತು ಇದೆಯಲ್ಲ, ಅದು ಎಲ್ಲ ಜಗಳಗಳ ಬೀಜ. ಕೊಟ್ಟವರು ಇಟ್ಟಿದ್ದೆ ಎನ್ನುತ್ತಾರೆ, ಇಟ್ಟುಕೊಂಡವರು ಕೊಟ್ಟರು ಎನ್ನುತ್ತಾರೆ. ಕಾಯಮ್ಮೋ ತಾತ್ಕಾಲಿಕವೋ ಎಂಬುದನ್ನು ಮೊದಲ ಸಾಲಿನಲ್ಲೇ ಬರೆಯಿರಿ. ಉಳಿದಂತೆ ಪತ್ರ ಒಂದು ಪುಟ ದಾಟಬೇಕಿಲ್ಲ: ಇಬ್ಬರ ಹೆಸರು, ವಿಳಾಸ, ಫೋನು, ನಾಯಿಯ ಜಾತಿ, ಲಿಂಗ, ವಯಸ್ಸು, ಬಣ್ಣ, ಗುರುತು, ಮೈಕ್ರೋಚಿಪ್ ಇದ್ದರೆ ಅದರ ಸಂಖ್ಯೆ, ಕೊನೆಯ ರೇಬಿಸ್ ಲಸಿಕೆಯ ದಿನ, ಸಂತಾನಹರಣ ಆಗಿದೆಯೋ ಇಲ್ಲವೋ, ಒಪ್ಪಿಸಿದ ದಿನಾಂಕ ಮತ್ತು ಗಂಟೆ. ಗಂಟೆ ಯಾಕೆಂದರೆ, ಅದೇ ಸಂಜೆ ಲಿಫ್ಟಿನಲ್ಲಿ ಯಾರನ್ನೋ ಕಚ್ಚಿದರೆ ಹೊಣೆ ಯಾರದೆಂದು ತೀರ್ಮಾನವಾಗುವುದು ಅದರಿಂದ. ಕಚ್ಚುವ, ಹಾರುವ ಚಾಳಿ, ಮೂರ್ಛೆ, ಸೊಂಟದ ನೋವು ಏನಿದ್ದರೂ ಮುಚ್ಚಿಡದೆ ಬರೆಯಿರಿ; ಗೊತ್ತಿದ್ದೂ ಹೇಳದಿದ್ದರೆ ನಾಳಿನ ದಾವೆಯಲ್ಲಿ ಅದು ನಿಮ್ಮ ವಿರುದ್ಧವೇ ನಿಲ್ಲುತ್ತದೆ. ಇಬ್ಬರ ಸಹಿ, ಇಬ್ಬರು ಸಾಕ್ಷಿಗಳು, ನಾಯಿಯ ಜೊತೆ ನಿಂತ ಒಂದು ಫೋಟೋ. ಬಿಳಿ ಹಾಳೆಯಲ್ಲಿ ಬರೆದರೂ ದಾನ ದಾನವೇ. ಷರತ್ತುಗಳಿರುವ ಕರಾರನ್ನು ಛಾಪಾ ಕಾಗದದಲ್ಲೇ ಮಾಡಬೇಕೆಂದರೆ, 2024ರ ಅಕ್ಟೋಬರ್‌ನಿಂದ ಮಹಾರಾಷ್ಟ್ರದಲ್ಲಿ ನೂರು ರೂಪಾಯಿಯ ಜಾಗಕ್ಕೆ ಐನೂರು ರೂಪಾಯಿಯದು ಬಂದಿದೆ ಎಂಬುದು ನೆನಪಿರಲಿ.

ಕೊಡುವ ಹಕ್ಕು ನಿಮಗಿದೆಯೇ ಎಂದೂ ನೋಡಿಕೊಳ್ಳಿ. ಒಂದೇ ಫ್ಲ್ಯಾಟಿನಲ್ಲಿ ಮೂವರು ಗೆಳೆಯರು ಸೇರಿ ತಂದ ನಾಯಿಯನ್ನು, ಉಳಿದಿಬ್ಬರು ಊರಿಗೆ ಹೋದಾಗ ಒಬ್ಬರು ಕೊಟ್ಟುಬಿಟ್ಟರೆ, ತನ್ನದಲ್ಲದ್ದನ್ನು ದಾನ ಮಾಡಿದಂತೆ. ಅದು ಪೊಲೀಸ್ ಠಾಣೆಗೂ ಹೋಗಬಹುದು. ಬೇರೆಯಾಗುತ್ತಿರುವ ದಂಪತಿಗಳದೂ ಇದೇ ಕಥೆ. ಪರವಾನಗಿ ಯಾರ ಹೆಸರಿನಲ್ಲಿದೆ, ಲಸಿಕೆ ಪುಸ್ತಕದಲ್ಲಿ ಯಾರ ಹೆಸರಿದೆ, ಹಣ ಕೊಟ್ಟವರು ಯಾರು ಎಂಬುವೇ ಇಲ್ಲಿ ಸಾಕ್ಷ್ಯ.

ಪರವಾನಗಿ ಎಂದೆ. ಪುಣೆ ಮಹಾನಗರ ಪಾಲಿಕೆಯ ವ್ಯಾಪ್ತಿಯಲ್ಲಿ ಸಾಕುನಾಯಿಗೆ ಪರವಾನಗಿ ಬೇಕೇ ಬೇಕು. ರೇಬಿಸ್ ಲಸಿಕೆಯ ಪ್ರಮಾಣಪತ್ರ, ವಿಳಾಸದ ದಾಖಲೆ ಕೊಟ್ಟು ಪಡೆಯಬೇಕು. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಕೂಡ ಸಾಕುಪ್ರಾಣಿಯ ಲಸಿಕೆ, ಸಂತಾನಹರಣಗಳ ಹೊಣೆಯನ್ನು ಮಾಲೀಕರ ಮೇಲೆಯೇ ಹೊರಿಸಿವೆ. ನಾಯಿ ಕೊಟ್ಟ ಮೇಲೆ ನಿಮ್ಮ ಹೆಸರಿನ ಪರವಾನಗಿ ಮುಗಿಯಿತೆಂದು ಪಾಲಿಕೆಗೆ ಬರೆದು ತಿಳಿಸಿ, ಸ್ವೀಕೃತಿ ಇಟ್ಟುಕೊಳ್ಳಿ. ಪಡೆದವರು ತಮ್ಮ ಊರಿನ ಸ್ಥಳೀಯ ಸಂಸ್ಥೆಯಲ್ಲಿ ಹೊಸದಾಗಿ ಪಡೆಯಬೇಕು. ಕೋಥ್ರೂಡಿನಿಂದ ವಾಕಡಕ್ಕೆ ಹೋದರೂ ಪಾಲಿಕೆ ಬದಲಾಗುತ್ತದೆ, ಅದು ಪಿಂಪ್ರಿ-ಚಿಂಚವಡದ್ದು. ಪುಣೆ, ಖಡಕಿ ಕಂಟೋನ್ಮೆಂಟುಗಳಲ್ಲಿ ಅಲ್ಲಿನ ಮಂಡಳಿ. ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾಗಿರುವ ಬೆಂಗಳೂರಿನಲ್ಲಿ ಆಯಾ ಪಾಲಿಕೆ. ಮೈಕ್ರೋಚಿಪ್ ದಾಖಲೆಯಲ್ಲೂ, ಕೆನಲ್ ಕ್ಲಬ್ ಆಫ್ ಇಂಡಿಯಾದ ಪತ್ರವಿದ್ದರೆ ಅಲ್ಲಿಯೂ ಮಾಲೀಕರ ಹೆಸರು ಬದಲಾಗಲಿ.

ಯಾರಿಗೆ ಕೊಡುವುದು? ಕೇಳಿದ ತಕ್ಷಣ, ನೋಡದೆಯೇ ‘ಕೊಡಿ’ ಎನ್ನುವವರ ಬಗ್ಗೆ ನನಗೆ ಅನುಮಾನ ಹೆಚ್ಚು. ಒಳ್ಳೆಯ ತಳಿಯ, ಸಂತಾನಹರಣವಾಗದ ನಾಯಿಗೆ ಬರುವ ಕರೆಗಳಲ್ಲಿ ಕೆಲವು ಮರಿ ಹಾಕಿಸಿ ಮಾರುವವರದು. 2017ರ ನಾಯಿ ತಳಿ ಸಂವರ್ಧನೆ ಮತ್ತು ಮಾರಾಟ ನಿಯಮಗಳ ಪ್ರಕಾರ ಅಂಥವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿರಬೇಕು. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಸಾಧ್ಯವಿದ್ದರೆ ಕೊಡುವ ಮೊದಲೇ ಸಂತಾನಹರಣ ಮಾಡಿಸಿ, ಅರ್ಧ ಕರೆಗಳು ತಾವಾಗಿಯೇ ನಿಲ್ಲುತ್ತವೆ. ಇನ್ನು ಕರುಣೆಯಿಂದ ಎಲ್ಲವನ್ನೂ ಸೇರಿಸಿಕೊಳ್ಳುವವರು. ಕೊಂಢ್ವಾದ ಫ್ಲ್ಯಾಟೊಂದರಲ್ಲಿ ಇಪ್ಪತ್ತೆರಡು ನಾಯಿಗಳ ನಡುವೆ ಬಾಲಕನೊಬ್ಬನನ್ನು ಇರಿಸಿದ್ದ ಪ್ರಕರಣ 2022ರಲ್ಲಿ ಬಯಲಾಗಿ ಹೆತ್ತವರ ಮೇಲೆ ಮೊಕದ್ದಮೆ ದಾಖಲಾಯಿತು. 2025ರಲ್ಲಿ ಹಡಪಸರದ ಫ್ಲ್ಯಾಟಿನಲ್ಲಿ ಮುನ್ನೂರಕ್ಕೂ ಹೆಚ್ಚು ಬೆಕ್ಕುಗಳಿವೆ ಎಂಬ ದೂರಿನ ಮೇಲೆ ಪಾಲಿಕೆ ನೋಟಿಸು ಕೊಟ್ಟಿತು. ಮನೆಗೆ ಹೋಗಿ ನೋಡದೆ ಒಪ್ಪಿಸಬೇಡಿ. ಹೊಲದ ದೊಡ್ಡಪ್ಪನಿಗೂ ಈ ಮಾತು ಸಲ್ಲುತ್ತದೆ: ಸೋಫಾದ ಮೇಲೆ ಬೆಳೆದ ಹಸ್ಕಿಯನ್ನು ವಿಜಯಪುರದ ಮೇ ತಿಂಗಳ ಬಿಸಿಲಿಗೆ ಕಟ್ಟಿಹಾಕಿದರೆ 11ನೇ ಕಲಂ ಅಲ್ಲಿಯೂ ಅನ್ವಯಿಸುತ್ತದೆ.

ಪಾಲಿಕೆಯ ನಾಯಿ ಹಿಡಿಯುವ ವಾಹನಕ್ಕೆ ಒಪ್ಪಿಸಿ ಕೈತೊಳೆದುಕೊಳ್ಳಬಹುದೆಂದು ಕೆಲವರು ತಿಳಿದಿದ್ದಾರೆ. ಆ ಕೇಂದ್ರಗಳಿರುವುದು ಬೀದಿನಾಯಿಗಳ ಸಂತಾನಹರಣಕ್ಕೆ, ಮನೆಯಲ್ಲಿ ಬೇಡವಾದ ನಾಯಿಗಳಿಗೆ ಆಶ್ರಯ ಕೊಡಲು ಅಲ್ಲ. ಪುಣೆಯ ರೆಸ್‌ಕ್ಯೂ ಚಾರಿಟೇಬಲ್ ಟ್ರಸ್ಟ್‌ನಂಥ ಸಂಸ್ಥೆಗಳೂ ಗಾಯಗೊಂಡ, ಅನಾಥ ಪ್ರಾಣಿಗಳ ಹೊರೆಯಲ್ಲೇ ಇರುತ್ತವೆ. ಅವುಗಳ ಗೇಟಿಗೆ ರಾತ್ರಿ ಕಟ್ಟಿ ಬರುವುದೂ ಒಪ್ಪಿಸಿದಂತಲ್ಲ. ನಿಮ್ಮದು ಬೀದಿಯಿಂದ ತಂದ ನಾಯಿಯಾದರೆ ಇನ್ನೊಂದು ಎಚ್ಚರ: ಪಾಲಿಕೆಗೆ ಅರ್ಜಿ ಕೊಟ್ಟು ದತ್ತು ಪಡೆದ ಬೀದಿನಾಯಿ ಮತ್ತೆ ಬೀದಿಗೆ ಬಾರದಂತೆ ನೋಡಿಕೊಳ್ಳುವುದು ಪಡೆದವರ ಹೊಣೆ ಎಂದು ಸುಪ್ರೀಂ ಕೋರ್ಟ್ 2025ರ ಆಗಸ್ಟ್ 22ರ ಆದೇಶದಲ್ಲಿ ಹೇಳಿದೆ.

ಸೊಸೈಟಿಯವರ ಒತ್ತಡಕ್ಕೇ ಕೊಡಲು ಹೊರಟಿದ್ದರೆ ಒಂದು ನಿಮಿಷ ನಿಲ್ಲಿ. ಬಹುಮತದಿಂದ ಠರಾವು ಮಾಡಿದರೂ ನಿವಾಸಿಗಳ ಸಂಘ ಸಾಕುಪ್ರಾಣಿಗಳನ್ನು ನಿಷೇಧಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಸುತ್ತೋಲೆ ಹೊರಡಿಸಿದೆ; ಕೇರಳ ಹೈಕೋರ್ಟ್ 2021ರಲ್ಲಿ ಅದೇ ದಿಕ್ಕಿನ ತೀರ್ಪು ಕೊಟ್ಟಿದೆ. ಬಾಡಿಗೆ ಮನೆಯ ಲೀವ್ ಅಂಡ್ ಲೈಸೆನ್ಸ್ ಕರಾರಿನಲ್ಲಿ ನೀವೇ ಒಪ್ಪಿ ಸಹಿ ಹಾಕಿದ ಷರತ್ತು ಬೇರೆ ಮಾತು. ರಾಟ್‌ವೈಲರ್, ಪಿಟ್‌ಬುಲ್ ಇದ್ದವರು ಇಪ್ಪತ್ತಮೂರು ತಳಿಗಳ ನಿಷೇಧಕ್ಕೆ ಇನ್ನೂ ಹೆದರುತ್ತಾರೆ. ಕೇಂದ್ರದ 2024ರ ಮಾರ್ಚ್ 12ರ ಆ ನಿಷೇಧದ ಸುತ್ತೋಲೆಯನ್ನು ಕರ್ನಾಟಕ ಹೈಕೋರ್ಟ್ ಮರು ತಿಂಗಳೇ ರದ್ದುಪಡಿಸಿತು.

ಊರಿಗೆ ರೈಲಿನಲ್ಲಿ ಕಳಿಸುವುದಾದರೆ, ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಕಲಬುರಗಿಗೆ ಎನ್ನಿ, ಎಸಿ ಮೊದಲ ದರ್ಜೆಯ ಕೂಪೆ ಪೂರ್ತಿ ನಿಮ್ಮದಾಗಿರಬೇಕು. ಇಲ್ಲವಾದರೆ ಪಾರ್ಸೆಲ್ ಕಚೇರಿಯಲ್ಲಿ ಬುಕ್ ಮಾಡಿ ಬ್ರೇಕ್ ವ್ಯಾನಿನ ನಾಯಿಪೆಟ್ಟಿಗೆ. ಸ್ಲೀಪರ್‌ನಲ್ಲಿ ಕಂಬಳಿಯಡಿ ಮುಚ್ಚಿಟ್ಟು ಒಯ್ಯುವಂತಿಲ್ಲ. ರೈಲಾಗಲಿ ರಸ್ತೆಯಾಗಲಿ, ನಾಯಿ ಪ್ರಯಾಣಕ್ಕೆ ಯೋಗ್ಯವಾಗಿದೆ, ರೇಬಿಸ್ ಮೊದಲಾದ ಸೋಂಕಿನ ಲಕ್ಷಣವಿಲ್ಲ ಎಂಬ ಪಶುವೈದ್ಯರ ಪ್ರಮಾಣಪತ್ರವನ್ನು 1978ರ ಪ್ರಾಣಿ ಸಾಗಣೆ ನಿಯಮಗಳು ಕೇಳುತ್ತವೆ.

ಕೊಟ್ಟ ಮನೆಯಲ್ಲಿ ನಾಯಿ ಸೊರಗುತ್ತಿದೆ ಎಂದು ತಿಳಿದರೆ ಬೀಗ ಮುರಿದು ಎತ್ತಿಕೊಂಡು ಬರಬೇಡಿ, ಆರೋಪಿ ನೀವಾಗುತ್ತೀರಿ. ಷರತ್ತಿನ ಕರಾರಿದ್ದರೆ ಮೊದಲು ಬರಹದಲ್ಲಿ ಕೇಳಿ. ಇಲ್ಲದಿದ್ದರೂ ಕ್ರೌರ್ಯದ ದೂರು ಕೊಡಲು ಮಾಲೀಕರೇ ಆಗಿರಬೇಕಿಲ್ಲ, ಯಾರು ಬೇಕಾದರೂ ಕೊಡಬಹುದು. ನಾಯಿಯನ್ನು ತೊರೆಯುವುದು, ಉಪವಾಸ ಕೆಡಹುವುದು ಅಸಂಜ್ಞೇಯ, ಎಂದರೆ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆ ನಡೆಸಲಾಗದ ಅಪರಾಧಗಳಾದ್ದರಿಂದ ಪುಣೆಯ ಠಾಣೆಯಲ್ಲಿ ‘ಎನ್‌ಸಿ’ (ಅಸಂಜ್ಞೇಯ ದೂರಿನ ದಾಖಲೆ) ಬರೆದುಕೊಂಡು ಮ್ಯಾಜಿಸ್ಟ್ರೇಟರ ಬಳಿ ಹೋಗಲು ಹೇಳುತ್ತಾರೆ; ಅದು ಸಾಗಹಾಕುವ ಮಾತಲ್ಲ, ಕ್ರಮವೇ ಹಾಗೆ. ಜಿಲ್ಲಾ ಪ್ರಾಣಿದಯಾ ಸಂಘಕ್ಕೂ ದೂರಿನ ಪ್ರತಿ ಕೊಡಿ. ಅಪರಾಧ ಸಾಬೀತಾದರೆ, ಪ್ರಾಣಿಯನ್ನು ಅವರ ಬಳಿ ಬಿಟ್ಟರೆ ಮತ್ತೆ ಕ್ರೌರ್ಯಕ್ಕೆ ಗುರಿಯಾಗುವಂತಿದ್ದಲ್ಲಿ ಒಡೆತನವನ್ನೇ ಕಿತ್ತುಕೊಳ್ಳುವ ಅಧಿಕಾರ 29ನೇ ಕಲಂನಡಿ ನ್ಯಾಯಾಲಯಕ್ಕಿದೆ. ಆದರೆ 36ನೇ ಕಲಂ ಪ್ರಕಾರ ಅಪರಾಧ ನಡೆದ ಮೂರು ತಿಂಗಳ ಮೇಲೆ ಮೊಕದ್ದಮೆ ಹೂಡುವಂತಿಲ್ಲ. ‘ಹಬ್ಬ ಮುಗಿಯಲಿ, ಆಮೇಲೆ ನೋಡೋಣ’ ಎಂದು ಕೂರದೆ, ದಿನಾಂಕ ಕಾಣುವ ಫೋಟೋ, ಪಶುವೈದ್ಯರ ವರದಿ, ನೋಡಿದವರ ಹೇಳಿಕೆ ಆ ವಾರವೇ ಕೂಡಿಸಿಕೊಳ್ಳಿ.