ಮೇವು ಕತ್ತರಿಸುವ ಯಂತ್ರದ ದುರಸ್ತಿ: ಸಾಕೆಟ್ ಸ್ಪ್ಯಾನರ್ ಮತ್ತು ಕೈಗೆ ಸಿಕ್ಕ ಸಲಕರಣೆ



ನಮ್ಮ ಹಾಲು ಉತ್ಪಾದಕರಲ್ಲಿ ಅನೇಕರು ಮೋಟಾರ್ ಅಳವಡಿಸಿದ ಮೇವು ಕತ್ತರಿಸುವ ಯಂತ್ರ ಇಟ್ಟುಕೊಂಡಿದ್ದಾರೆ. ಅಲಗು ಮೊಂಡಾದರೆ, ಬೋಲ್ಟು ಸಡಿಲವಾದರೆ ಮೆಕ್ಯಾನಿಕ್ ಬರುವ ತನಕ ದನ ಕಾಯುವುದಿಲ್ಲ. ಮನೆಯವರೇ ಸ್ಪ್ಯಾನರ್ ಹಿಡಿಯಬೇಕಾಗುತ್ತದೆ. ಪಶುವೈದ್ಯನಿಗೇಕೆ ನಟ್ಟು ಬೋಲ್ಟಿನ ಮಾತು ಎಂದು ಕೇಳಬಹುದು. ದುರಸ್ತಿಯಲ್ಲಿ ಉದುರಿದ ತಂತಿಯ ಚೂರು ಮೇವಿನ ಜೊತೆ ಗೋದಲಿಗೆ ಹೋಗುತ್ತದೆ, ಅಲ್ಲಿಂದ ಹಸುವಿನ ಹೊಟ್ಟೆಗೆ. ಆಮೇಲೆ ನಮ್ಮನ್ನೇ ಕರೆಯುತ್ತೀರಿ.

ಮೊದಲು ವಿದ್ಯುತ್. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕಿತ್ತು ಕಣ್ಣೆದುರಿಗೇ ಇಟ್ಟುಕೊಳ್ಳಿ. ನೇರ ಸಂಪರ್ಕವಿದ್ದರೆ ಫ್ಯೂಸ್ ತೆಗೆದು ನಿಮ್ಮ ಜೇಬಿಗೇ ಹಾಕಿಕೊಳ್ಳಿ. ಕರೆಂಟ್ ಇಲ್ಲದ ಹೊತ್ತಿನಲ್ಲಿ ಕೆಲಸಕ್ಕೆ ಕೈಹಾಕುವವರಿಗೂ ಇದೇ ಮಾತು. ಕರೆಂಟ್ ಹೇಳಿ ಬರುವುದಿಲ್ಲ. ನಂತರ ಚಕ್ರದ ಕಡ್ಡಿಗಳ ನಡುವೆ ಗಟ್ಟಿ ಮರದ ತುಂಡು ಸಿಕ್ಕಿಸಿ ಚಕ್ರ ತಿರುಗದಂತೆ ಮಾಡಿ. ಭಾರದ ಚಕ್ರ ತನ್ನ ತೂಕಕ್ಕೇ ಅರ್ಧ ಸುತ್ತು ತಿರುಗಿದರೂ ಬೆರಳು ಹೋಗುತ್ತದೆ. ಅಲಗಿನ ಬಾಯಿಗೆ ಹಳೆಯ ಗೋಣಿಚೀಲ ಸುತ್ತಿ ಕಟ್ಟುವುದು ಖರ್ಚಿಲ್ಲದ ರಕ್ಷಣೆ.

ಅಲಗಿನ ಬೋಲ್ಟು ಬಿಚ್ಚಲು ಅನೇಕರು ಕಟಿಂಗ್ ಪ್ಲೇಯರ್ ಅಥವಾ ಸುತ್ತಿಗೆ ಉಳಿ ಬಳಸುತ್ತಾರೆ. ಇದರಿಂದ ನಟ್ಟಿನ ಮೂಲೆಗಳು ಸವೆದು ದುಂಡಗಾಗುತ್ತವೆ, ಮುಂದಿನ ಸಲ ಯಾವ ಸ್ಪ್ಯಾನರಿಗೂ ಹಿಡಿತ ಸಿಗುವುದಿಲ್ಲ. ಸಾಕೆಟ್ ಸ್ಪ್ಯಾನರ್ ನಟ್ಟನ್ನು ಸುತ್ತಲೂ ಅಪ್ಪಿ ಹಿಡಿಯುತ್ತದೆ. ಪೂರ್ತಿ ಸೆಟ್ ಬೇಕಿಲ್ಲ. ಸಾಮಾನ್ಯವಾಗಿ 8 ಮಿ.ಮೀ. ಬೋಲ್ಟಿಗೆ 13ರ, 10ಕ್ಕೆ 17ರ, 12ಕ್ಕೆ 19ರ ಸಾಕೆಟ್ ಕೂರುತ್ತದೆ. ಈ ಮೂರು ಸಾಕೆಟ್, ಒಂದು ಹಿಡಿ, ಒಂದು ಉದ್ದದ ಜೋಡಣೆ ಕಡ್ಡಿ ಇದ್ದರೆ ಬಹುಪಾಲು ಕೆಲಸ ನಡೆಯುತ್ತದೆ. ಒಳಗೆ ಹನ್ನೆರಡು ಮೂಲೆಯ ಸಾಕೆಟ್‌ಗಿಂತ ಆರು ಮೂಲೆಯದು ಸವೆದ ನಟ್ಟಿಗೆ ಮೇಲು. ತುಕ್ಕು ಹಿಡಿದಿದ್ದರೆ ಹಿಂದಿನ ರಾತ್ರಿಯೇ ಡೀಸೆಲ್ ಬಿಟ್ಟು ನೆನೆಸಿಡಿ. ಆದರೆ ಬಿಗಿ ಮಾಡಿದ ಮೇಲೆ ಅಲಗನ್ನೂ ಬಾಯಿಯನ್ನೂ ಒರೆಸಿ, ಮೊದಲು ಕತ್ತರಿಸಿದ ಒಂದೆರಡು ಹಿಡಿ ಮೇವನ್ನು ತಿಪ್ಪೆಗೆ ಹಾಕಿ.

ಸ್ಪ್ಯಾನರನ್ನು ಅಲಗಿನಿಂದ ದೂರಕ್ಕೆ ಎಳೆಯುವಂತೆ ನಿಲ್ಲಿ, ಅಲಗಿನ ಕಡೆಗೆ ಎಂದೂ ತಳ್ಳಬೇಡಿ. ಜಾರಿದರೆ ಕೈ ಎಲ್ಲಿಗೆ ಹೋಗುತ್ತದೆ ಎಂದು ಮೊದಲೇ ನೋಡಿಕೊಳ್ಳಬೇಕು. ಹಿಡಿಗೆ ನೀರಿನ ಪೈಪು ತೊಡಿಸಿ ಉದ್ದ ಮಾಡುವ ಉಪಾಯ ಬಿಚ್ಚುವಾಗ ಸರಿ, ಬಿಗಿ ಮಾಡುವಾಗ ಬೇಡ. ಬೋಲ್ಟು ಎಳೆದುಕೊಂಡು ಕುತ್ತಿಗೆಯಲ್ಲೇ ಸೀಳುತ್ತದೆ. ತಲೆಯ ಮೇಲೆ 8.8 ಎಂದು ಅಚ್ಚಾಗಿರುವ ಬೋಲ್ಟಿನ ಜಾಗಕ್ಕೆ ಅದೇ ಗುರುತಿನದನ್ನು ತನ್ನಿ. ಓಡುವ ಚಕ್ರದಿಂದ ಅಲಗು ಕಿತ್ತು ಬಂದರೆ ಎದುರಿಗಿದ್ದವರ ಗತಿ ಏನು? ಕೊನೆಗೆ ಚಕ್ರವನ್ನು ಕೈಯಿಂದ ನಿಧಾನವಾಗಿ ತಿರುಗಿಸಿ ಕಾಗದ ಕೊಟ್ಟು ನೋಡಿ. ಹರಿಯದೆ ನೇರವಾಗಿ ಕತ್ತರಿಸಿದರೆ ಅಲಗು ಸರಿಯಾಗಿ ಕೂತಿದೆ.

ಬೋಲ್ಟಿನ ಜಾಗಕ್ಕೆ ತಂತಿ ಸುತ್ತಿ ಕೆಲಸ ಸಾಗಿಸುವ ಅಭ್ಯಾಸವೊಂದಿದೆ. ದಯವಿಟ್ಟು ಅದನ್ನು ಬಿಡಿ. ಆ ತಂತಿ ಅದುರಿ ಅದುರಿ ತುಂಡಾಗಿ ಮೇವಿಗೇ ಬೀಳುತ್ತದೆ. ಹಸು ಆಡಿನಂತೆ ತುಟಿಯಿಂದ ಆರಿಸಿ ತಿನ್ನುವುದಿಲ್ಲ, ನಾಲಿಗೆಯಲ್ಲಿ ಬಾಚಿ ಅರ್ಧ ಅಗಿದು ನುಂಗುತ್ತದೆ. ನುಂಗಿದ ಲೋಹ ಜೇನುಗೂಡಿನಂಥ ಎರಡನೆಯ ಹೊಟ್ಟೆಯಲ್ಲಿ ನಿಲ್ಲುತ್ತದೆ. ಅದರ ಮುಂದೆ ತೆಳುವಾದ ವಪೆ, ಅದಕ್ಕೆ ತಾಗಿದಂತೆ ಹೃದಯ. ಹೊಟ್ಟೆ ಹಿಂಡಿದಾಗಲೆಲ್ಲ ಚೂಪಾದ ತಂತಿ ಮುಂದಕ್ಕೆ ಚುಚ್ಚುತ್ತದೆ. ಹಾಲು ಥಟ್ಟನೆ ಇಳಿಯುವುದು, ಮೆಲುಕು ನಿಲ್ಲುವುದು, ಬೆನ್ನು ಬಿಲ್ಲಾಗಿ ಮೊಣಕೈ ಹೊರಚಾಚಿ ನಿಲ್ಲುವುದು, ಇಳಿಜಾರಿನಲ್ಲಿ ಹೆಜ್ಜೆ ಇಡಲು ಹಿಂಜರಿಯುವುದು ಲಕ್ಷಣಗಳು. ಆಗಲೇ ತೋರಿಸಿದರೆ ಹೊಟ್ಟೆ ಕೊಯ್ದು ತಂತಿ ತೆಗೆಯಲು ಅವಕಾಶವಿದೆ. ಎದೆಗುಂಡಿಗೆಯ ಕೆಳಗೆ ನೀರು ತುಂಬಿ ಕತ್ತಿನ ರಕ್ತನಾಳ ಹಗ್ಗದಂತೆ ಉಬ್ಬಿದ ಮೇಲೆ ಹಸು ಉಳಿಯುವುದು ಅಪರೂಪ.

ದೊಡ್ಡನೆಕ್ಕುಂದಿಯಂಥ ಕಡೆ ಇದು ಎರಡು ಪಟ್ಟು ಚಿಂತೆಯ ಮಾತು. ಒಂದು ಪಕ್ಕ ಕೈಗಾರಿಕಾ ಪ್ರದೇಶ, ಇನ್ನೊಂದು ಪಕ್ಕ ಹೊರವರ್ತುಲ ರಸ್ತೆ. ಎಲ್ಲಿ ನೋಡಿದರೂ ಕಟ್ಟಡದ ಕೆಲಸ. ಕಂಬಿ ಕಟ್ಟುವ ಬೈಂಡಿಂಗ್ ವೈರಿನ ಚೂರುಗಳು ಖಾಲಿ ನಿವೇಶನದ ಹುಲ್ಲಿನಲ್ಲಿ ಸೇರಿಕೊಂಡಿರುತ್ತವೆ. ಅಂಥ ಹುಲ್ಲನ್ನು ಯಂತ್ರಕ್ಕೆ ಕೊಟ್ಟರೆ ಒಂದು ತಂತಿ ನಾಲ್ಕು ಚೂಪು ತುಂಡಾಗುತ್ತದೆ.

ಇಲ್ಲಿ ಒಂದು ಕೈಗೆಟುಕುವ ಸಲಕರಣೆ ಹೇಳುತ್ತೇನೆ. ಗುಜರಿ ಅಂಗಡಿಯಲ್ಲಿ ಹಳೆಯ ಸ್ಪೀಕರಿನ ಅಯಸ್ಕಾಂತ ಸಿಗುತ್ತದೆ. ಅದನ್ನು ಕೋಲಿನ ತುದಿಗೆ ಬಿಗಿದು ಕಟ್ಟಿ, ದುರಸ್ತಿಯಾದ ಮೇಲೆ ಯಂತ್ರದ ಕೆಳಗಿನ ನೆಲವನ್ನೂ ಕತ್ತರಿಸಿದ ಮೇವನ್ನೂ ಕೆದಕಿ. ಬಿದ್ದ ನಟ್ಟು, ವಾಷರ್, ತಂತಿ ಅಂಟಿಕೊಂಡು ಬರುತ್ತವೆ. ತಾಮ್ರ, ಅಲ್ಯೂಮಿನಿಯಂ ಮಾತ್ರ ಅಂಟುವುದಿಲ್ಲ, ಅದಕ್ಕೆ ಕಣ್ಣೇ ಬೇಕು. ಬಿಚ್ಚುವಾಗ ಎಷ್ಟು ನಟ್ಟು, ಎಷ್ಟು ವಾಷರ್ ಎಂದು ಎಣಿಸಿ ತಟ್ಟೆಗೆ ಹಾಕಿ. ಕೂರಿಸುವಾಗ ಒಂದು ಕಡಿಮೆಯಾದರೆ ಸಿಗುವವರೆಗೆ ಮೇವು ಹಾಕಬೇಡಿ. ಹಸುವಿನ ಹೊಟ್ಟೆಗೆ ಇಳಿಸುವ ಅಯಸ್ಕಾಂತವೇ ಬೇರೆ, ನಯವಾದ ಉದ್ದುಂಡೆಯದು. ಅದನ್ನು ಪಶುವೈದ್ಯರಿಂದಲೇ ಹಾಕಿಸಬೇಕು. ಯಂತ್ರ ಬಿಚ್ಚಿದ ಕೆಲವು ದಿನಗಳಲ್ಲಿ ಹಸು ಮೇವು ಬಿಟ್ಟರೆ, ವೈದ್ಯರನ್ನು ಕರೆಯುವಾಗ ದುರಸ್ತಿಯ ವಿಷಯವನ್ನೂ ಹೇಳಿ.