ಕಾಣದ ಸೂತ್ರಧಾರರು

ಸೂತ್ರದ ಗೊಂಬೆಯಾಟದಲ್ಲಿ ಗೊಂಬೆಗಳು ಕುಣಿಯುವುದು ಕಾಣುತ್ತದೆ; ಕುಣಿಸುವ ಕೈ ಕಾಣುವುದಿಲ್ಲ. ಇಡೀ ಮಾನವಕುಲವೇ ಅಂತಹ ಗೊಂಬೆಯಾದರೆ? ವಿಜ್ಞಾನ ಕಥೆಗಾರರು ಈ ಪ್ರಶ್ನೆಯನ್ನು ಮತ್ತೆ ಮತ್ತೆ ಎತ್ತಿದ್ದಾರೆ. ಅವರಲ್ಲಿ ಐಸಾಕ್ ಅಸಿಮೋವ್ ಪ್ರಮುಖರು. ರಷ್ಯದಲ್ಲಿ ಜನಿಸಿ, ಎಳವೆಯಲ್ಲಿಯೇ ಅಮೆರಿಕಕ್ಕೆ ಬಂದ ಇವರು, ರೋಮ್ ಸಾಮ್ರಾಜ್ಯದ ಅವನತಿಯ ಚರಿತ್ರೆಯಿಂದ ಪ್ರೇರಣೆ ಪಡೆದು, 1942ರಿಂದ ‘ಫೌಂಡೇಷನ್’ ಕಥೆಗಳನ್ನು ಪ್ರಕಟಿಸಿದರು.

ಈ ಕಥೆಗಳಲ್ಲಿ ಆಕಾಶಗಂಗೆಯನ್ನೆಲ್ಲ ಆಳುವ ಸಾಮ್ರಾಜ್ಯವೊಂದು ಅಳಿವಿನತ್ತ ಸಾಗಿದೆ. ಹ್ಯಾರಿ ಸೆಲ್ಡನ್ ಎಂಬ ಗಣಿತಜ್ಞನು ‘ಮನಶ್ಚರಿತ್ರೆ’ ಎಂಬ ಶಾಸ್ತ್ರದ ಬಲದಿಂದ ಇದನ್ನು ಮುಂಗಾಣುತ್ತಾನೆ. ಅನಿಲದ ಒಂದೊಂದು ಅಣುವಿನ ಚಲನೆಯನ್ನು ಹೇಳಲಾಗದಿದ್ದರೂ ಒಟ್ಟು ಅನಿಲದ ವರ್ತನೆಯನ್ನು ಲೆಕ್ಕ ಹಾಕಬಹುದಷ್ಟೆ? ಹಾಗೆಯೇ, ಒಬ್ಬ ವ್ಯಕ್ತಿಯ ನಡೆ ತಿಳಿಯದಿದ್ದರೂ ಕೋಟ್ಯನುಕೋಟಿ ಜನರ ಒಟ್ಟು ನಡೆಯನ್ನು ಗಣಿಸಬಹುದೆಂಬುದು ಆ ಶಾಸ್ತ್ರದ ತಿರುಳು. ಆದರೆ ಫಲಿತಾಂಶವು ಜನರಿಗೆ ತಿಳಿಯಕೂಡದು. ತಿಳಿದರೆ ಅವರ ನಡೆಯೇ ಬದಲಾಗಿ ಲೆಕ್ಕ ತಪ್ಪುತ್ತದೆ. ಆದುದರಿಂದ ಗುಟ್ಟೇ ಈ ಯೋಜನೆಯ ಜೀವಾಳ.

ಬರಲಿರುವ 30,000 ವರ್ಷಗಳ ಅಂಧಕಾರಯುಗವನ್ನು 1,000 ವರ್ಷಗಳಿಗೆ ಇಳಿಸಲು ಸೆಲ್ಡನ್ ಎರಡು ನೆಲೆಗಳನ್ನು ಸ್ಥಾಪಿಸುತ್ತಾನೆ. ಒಂದು, ಎಲ್ಲರೂ ಬಲ್ಲ ವಿಜ್ಞಾನಿಗಳ ನೆಲೆ. ಇನ್ನೊಂದು, ಮನಸ್ಸಿನ ಮರ್ಮವನ್ನರಿತವರ ಗುಪ್ತ ನೆಲೆ. ಇತರರ ಭಾವನೆಗಳನ್ನು ತಿರುಗಿಸಬಲ್ಲ ‘ಮ್ಯೂಲ್’ ಎಂಬವನು ಲೆಕ್ಕಕ್ಕೆ ಸಿಗದ ಒಂಟಿ ವ್ಯಕ್ತಿ. ಅವನು ಯೋಜನೆಯನ್ನು ಕೆಡಿಸಿದಾಗ ಗುಪ್ತ ನೆಲೆಯವರೇ ಅವನನ್ನು ತಡೆಯುತ್ತಾರೆ. ಉಪಕಾರ ಪಡೆದ ಮೊದಲ ನೆಲೆಯವರು ಕೃತಜ್ಞರಾದರೇ? ಇಲ್ಲ. ತಮ್ಮನ್ನು ಯಾರೋ ನಡೆಸುತ್ತಿದ್ದಾರೆಂಬ ಅರಿವನ್ನೇ ಅವರಲ್ಲಿ ಹಲವರು ಸಹಿಸಲಾರದಾದರು. ಆ ಅದೃಶ್ಯರನ್ನು ಹುಡುಕಿ ನಾಶಮಾಡಿದೆವೆಂದು ಕೊನೆಗೆ ನಂಬಿದರು. ಆ ನಂಬಿಕೆಯನ್ನು ಹುಟ್ಟಿಸಿದವರೂ ಅದೃಶ್ಯರೇ!

1955ರ ‘ದಿ ಎಂಡ್ ಆಫ್ ಎಟರ್ನಿಟಿ’ ಕಾದಂಬರಿಯಲ್ಲಿ ಅಸಿಮೋವ್ ಈ ವಿಷಯವನ್ನು ಇನ್ನೊಂದು ಬಗೆಯಿಂದ ಪರಿಶೀಲಿಸಿದರು. ಅಲ್ಲಿ ಕಾಲದ ಹೊರಗೆ ನಿಂತ ಕೆಲವರು, ಜನರ ಸಂಕಟವನ್ನು ತಗ್ಗಿಸಲೆಂದು ಚರಿತ್ರೆಯನ್ನು ಗುಟ್ಟಾಗಿ ತಿದ್ದುತ್ತಾರೆ. ಅಪಾಯಗಳು ಅಳಿದಂತೆ ಸಾಹಸವೂ ಅಳಿಯುತ್ತದೆ; ಮಾನವನು ನಕ್ಷತ್ರಲೋಕವನ್ನು ತನ್ನದಾಗಿಸಿಕೊಳ್ಳುವ ಅವಕಾಶವನ್ನೇ ಕಳೆದುಕೊಳ್ಳುತ್ತಾನೆ. ಕೊನೆಗೆ ಆ ಗುಂಪಿನವನೊಬ್ಬನೇ ಆ ವ್ಯವಸ್ಥೆಯನ್ನು ಇಲ್ಲವಾಗಿಸುತ್ತಾನೆ.

ಕಾಣದ ಕೈ ನಮ್ಮ ಹಿತವನ್ನೇ ಬಯಸಬಹುದು. ಆದರೆ ಕಾಣದುದನ್ನು ಪ್ರಶ್ನಿಸುವುದೆಂತು? ತಾನೇ ಮಾಡಿದ ತಪ್ಪಿನಿಂದ ಮನುಷ್ಯನು ಕಲಿಯಬಲ್ಲನು. ತನಗೆ ತಿಳಿಯದಂತೆ ಇನ್ನೊಬ್ಬರು ತಿದ್ದಿದ ತಪ್ಪಿನಿಂದ ಅವನು ಏನನ್ನು ಕಲಿತಾನು?

ಅಭ್ಯಾಸ

1. ಸೆಲ್ಡನ್ನನ ಯೋಜನೆಯು ಗುಟ್ಟಾಗಿರಬೇಕಾದುದು ಏಕೆ?
2. ಉಪಕಾರ ಪಡೆದವರೇ ಗುಪ್ತ ನೆಲೆಯವರನ್ನು ವಿರೋಧಿಸಲು ಕಾರಣವೇನು?
3. ಜನರಿಗೆ ತಿಳಿಸದೆ ಅವರ ಹಿತವನ್ನು ಸಾಧಿಸುವುದು ಸರಿಯೆ? ನಿಮ್ಮ ಅಭಿಪ್ರಾಯವನ್ನು ಸಕಾರಣವಾಗಿ ಬರೆಯಿರಿ.